ಕೊಬ್ಬರಿ ಹೋರಿಯ ಓಟಕ್ಕೊಂದು ದಫ್ತರ ಬೇಕು

ದೀಪಾವಳಿ ಪಾಡ್ಯ ಕಳೆದ ಮೇಲೆ ಹಾನಗಲ್ ತಾಲ್ಲೂಕಿನ ಯಾವ ದೊಡ್ಡ ಹಳ್ಳಿಗೆ ಹೋದರೂ ಬಸ್ಸು ಊರ ಹೊರಗೇ ನಿಲ್ಲುವ ದಿನವೊಂದು ಬರುತ್ತದೆ. ಮುಂದಿನ ದಾರಿಯೆಲ್ಲ ಜನ. ಮಾಳಿಗೆಯ ಮೇಲೆ ಹೆಣ್ಣುಮಕ್ಕಳು, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹುಡುಗರು, ಬೇವಿನ ಮರದ ಕೊಂಬೆಗಳಲ್ಲಿ ಇನ್ನೂ ಚಿಕ್ಕವರು. ಕಟ್ಟೆಯ ಮೇಲೆ ರುಮಾಲು ಸುತ್ತಿದ ಹಿರಿಯರು ಬೆಳಿಗ್ಗೆಯೇ ಜಾಗ ಹಿಡಿದಿರುತ್ತಾರೆ. ನಡುವೆ ಉಳಿದ ಉದ್ದನೆಯ ಓಣಿಯೇ ಅಖಾಡ.

ಮೈಕಿನಲ್ಲಿ ಒಂದು ಹೋರಿಯ ಹೆಸರು ಕೇಳುತ್ತದೆ. ಹಲಗೆಯ ಬಡಿತ ಬಿರುಸಾಗುತ್ತದೆ. ಆ ತುದಿಯಲ್ಲಿ ಧೂಳೆದ್ದಿತು ಅನ್ನುವಷ್ಟರಲ್ಲಿ ಬಣ್ಣದ ಬಲೂನು, ರಿಬ್ಬನ್ನು, ಕೊರಳ ತುಂಬ ಒಣಕೊಬ್ಬರಿಯ ಸರ ಹೊತ್ತ ಪ್ರಾಣಿಯೊಂದು ಜನರ ನಡುವೆ ನುಗ್ಗಿ ಬರುತ್ತದೆ. "ಬಂತು, ಸರೀರಲೇ ಸರೀರಿ!" ಎಂಬ ಕೂಗು. ನಾಲ್ಕೈದು ಮಂದಿ ಗಟ್ಟಿಗರು ಅದರ ಮೇಲೆ ಹಾರುತ್ತಾರೆ. ಒಬ್ಬನ ಕೈಗೆ ಕೊಬ್ಬರಿ ಸಿಗುತ್ತದೆ, ಒಬ್ಬ ಉರುಳಿ ಬೀಳುತ್ತಾನೆ, ಹೋರಿ ಮುಂದೆ ಹೋಗಿಬಿಟ್ಟಿರುತ್ತದೆ. ಎಲ್ಲವೂ ಕೆಲವೇ ಕ್ಷಣ. ಆ ಕ್ಷಣಗಳಿಗಾಗಿ ಒಂದು ಮನೆ ವರ್ಷವಿಡೀ ದುಡಿದಿರುತ್ತದೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಬ್ಯಾಡಗಿಯ ಜನರಿಗೆ ಇದನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಆದರೆ ಈ ಓಟ ನಮ್ಮ ಕಾಲದಲ್ಲೇ ಒಮ್ಮೆ ನಿಂತಿತ್ತು. ಯಾಕೆ ನಿಂತಿತು, ಯಾವ ಬಲದಿಂದ ಮತ್ತೆ ಎದ್ದಿತು, ಇನ್ನೊಮ್ಮೆ ನಿಲ್ಲದಂತೆ ಏನು ಬೇಕು ಎಂಬ ಮಾತು ಮಾತ್ರ ಕಟ್ಟೆಯ ಮೇಲೆ ಅರ್ಧಂಬರ್ಧವಾಗಿಯೇ ಉಳಿದಿದೆ.

ಹಟ್ಟಿಯಿಂದ ಅಖಾಡಕ್ಕೆ

ಹಬ್ಬದ ಬೇರು ಮನೆಯ ಹಟ್ಟಿಯಲ್ಲಿದೆ. ಪಾಡ್ಯದ ಬೆಳಿಗ್ಗೆ ಈ ಭಾಗದ ಹೆಣ್ಣುಮಕ್ಕಳು ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು, ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಹೂವು ಸಿಕ್ಕಿಸಿ ಪೂಜಿಸುತ್ತಾರೆ. ದನಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಸರ ಕಟ್ಟಿ ಓಣಿಯಲ್ಲಿ ಓಡಿಸುತ್ತಾರೆ. ದನ ಬೆದರಿಸುವುದು ಎಂದರೆ ಮೊದಲು ಇಷ್ಟೇ ಆಗಿತ್ತು. ತನ್ನ ಮನೆಯ ಹೋರಿ ಯಾರ ಕೈಗೂ ಸಿಗದೆ ಓಣಿ ದಾಟಿತು ಅನ್ನುವುದು ಆ ವರ್ಷದ ಹೆಮ್ಮೆ.

ಕಾರಹುಣ್ಣಿಮೆಯಲ್ಲಿ ಕರಿ ಹರಿಯುವಾಗಲೂ ಎತ್ತು ಓಡುತ್ತವೆ. ಬಿಳಿ ಎತ್ತು ಮುಂದೆ ಬಂದರೆ ಜೋಳದಂಥ ಬಿಳಿ ಬೆಳೆ ಹುಲುಸು, ಕೆಂಪು ಎತ್ತು ಬಂದರೆ ಕೆಂಪು ಬೆಳೆ ಹುಲುಸು ಎಂದು ರೈತರು ಲೆಕ್ಕ ಹಾಕುತ್ತಾರೆ. ಅದು ಮಳೆಗಾಲದ ಬಾಗಿಲಿನ ಓಟ, ಇದು ಸುಗ್ಗಿಯ ಕಡೆಗೆ ಹೊರಳುವ ಕಾಲದ ಓಟ. ಒಂದು ಎತ್ತಿನದು, ಇನ್ನೊಂದು ಹೋರಿಯದು. ಈ ಭೇದ ಮುಂದೆ ಮುಖ್ಯವಾಗುತ್ತದೆ.

ದನದ ಸುತ್ತ ಶೌರ್ಯ ಕಟ್ಟಿದ ನಾಡು ಇದು. ತುರುಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಹಾವೇರಿ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲಿವೆ. ಕದಂಬರ ಪಾನುಂಗಲ್ಲಾಗಿದ್ದ ಹಾನಗಲ್ಲನ್ನು ವಿರಾಟನಗರವೆಂದೇ ಜನ ನಂಬಿದ್ದಾರೆ. ಕೌರವರು ವಿರಾಟನ ಗೋವುಗಳನ್ನು ಹಿಡಿದದ್ದು, ಬೃಹನ್ನಳೆಯ ವೇಷದ ಅರ್ಜುನ ಬಿಡಿಸಿ ತಂದದ್ದು ಇದೇ ನೆಲದಲ್ಲಿ ಎಂದು ಅಜ್ಜಂದಿರು ಬೆರಳು ತೋರಿಸಿ ಹೇಳುತ್ತಾರೆ. ಹೋರಿ ಹಬ್ಬ ಅಷ್ಟು ಹಳೆಯದು ಎಂದು ನಾನು ಹೇಳುತ್ತಿಲ್ಲ. ಹೋರಿಯ ಕೊರಳಿಗೆ ಕೈ ಹಾಕುವ ಹುಡುಗನ ಎದೆಯಲ್ಲಿ ಆ ಕಥೆಗಳೂ ಇರುತ್ತವೆ ಎನ್ನುವುದು ಮಾತ್ರ ನಿಜ.

ಓಟ ನಡೆಯುವ ಬಗೆ

ಹೊರಗಿನವರು ಇದನ್ನು ತಮಿಳುನಾಡಿನ ಜಲ್ಲಿಕಟ್ಟು ಎಂದುಕೊಳ್ಳುತ್ತಾರೆ. ಎರಡಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಜಲ್ಲಿಕಟ್ಟಿನಲ್ಲಿ ಹೋರಿಯ ಹಿಣಿಲು ಅಪ್ಪಿ ಹಿಡಿದು ನಿಲ್ಲುವುದೇ ಆಟ. ಇಲ್ಲಿ ಆಟ ಇರುವುದು ಓಟದಲ್ಲಿ ಮತ್ತು ಕೊಬ್ಬರಿಯಲ್ಲಿ. ಹೋರಿಗಳನ್ನು ಒಂದಾದ ಮೇಲೊಂದು ಬಿಡುತ್ತಾರೆ. ಕೊಬ್ಬರಿ ಹರಿಯಗೊಡದೆ ಅಖಾಡ ದಾಟಿದ ಹೋರಿ ಗೆದ್ದಂತೆ. ಕೊಬ್ಬರಿ ಹರಿದವನು ಆ ಹೋರಿಯ ಮೇಲೆ ಗೆದ್ದಂತೆ, ಹರಿದ ಕೊಬ್ಬರಿ ಅವನದೇ. ಚೆನ್ನಾಗಿ ಓಡಿದ ಹೋರಿಗೂ ಚೆನ್ನಾಗಿ ಹಿಡಿದ ಪೈಲ್ವಾನನಿಗೂ ಬಹುಮಾನ ಉಂಟು. ಬೈಕು, ಬಂಗಾರ, ಫ್ರಿಜ್ಜು, ಟಿವಿ ಎಲ್ಲವೂ ಈಗ ಬಹುಮಾನದ ಪಟ್ಟಿಯಲ್ಲಿವೆ.

ಸಿಂಗಾರದಲ್ಲೂ ಬಗೆಗಳಿವೆ. ಕೊಬ್ಬರಿ ಸರ ಕಟ್ಟಿಕೊಂಡು ಓಡುವುದು ಕೊಬ್ಬರಿ ಹೋರಿ. ಬಲೂನು, ಬಣ್ಣದ ಪಟ್ಟಿಗಳನ್ನು ಎತ್ತರಕ್ಕೆ ಕಟ್ಟಿಕೊಂಡು ಬರುವುದು ಪೀಪಿ ಹೋರಿ. ಗೆಜ್ಜೆ, ಹಣೆಪಟ್ಟಿ, ಝೂಲ, ಕೋಡಿನ ತುದಿಗೆ ಕೋಡಣಸು ಎರಡಕ್ಕೂ ಬೇಕು.

ದೀಪಾವಳಿಗೆ ಶುರುವಾದ ಹಬ್ಬ ಊರಿಂದ ಊರಿಗೆ ಸರದಿಯಂತೆ ಸಾಗಿ ಸಂಕ್ರಾಂತಿ ದಾಟಿಯೂ ನಡೆಯುತ್ತದೆ. ಶಿಕಾರಿಪುರ, ಸೊರಬದ ಹೋರಿಗಳು ಹಿರೇಕೆರೂರಿಗೆ ಬರುತ್ತವೆ, ಹಾನಗಲ್ಲಿನವು ಅತ್ತ ಹೋಗುತ್ತವೆ. ಜಿಲ್ಲೆಯ ಗಡಿ ಹೋರಿಗೂ ಇಲ್ಲ, ಅದರ ಅಭಿಮಾನಿಗಳಿಗೂ ಇಲ್ಲ.

ಅಭಿಮಾನಿಗಳು ಎಂದೆ. ಪ್ರತಿ ಹೆಸರಾಂತ ಹೋರಿಗೆ ಒಂದು ಬಳಗವಿದೆ. ಒಂದೇ ಬಣ್ಣದ ಟೀ ಶರ್ಟು, ಊರ ಬಾಗಿಲಲ್ಲಿ ಬ್ಯಾನರು, ಮೊಬೈಲಿನಲ್ಲಿ ಅದರ ಓಟದ ವಿಡಿಯೋ. ಹೋರಿ ಸತ್ತರೆ ಮೆರವಣಿಗೆ ಮಾಡಿ, ಭಜನೆ ಹಾಡಿಸಿ ಹೊಲದಲ್ಲಿ ಮಣ್ಣು ಮಾಡುತ್ತಾರೆ, ಹಲವರು ಗದ್ದುಗೆಯನ್ನೂ ಕಟ್ಟಿಸುತ್ತಾರೆ.

ಒಂದು ಹೋರಿ ಸಾಕುವುದೆಂದರೆ

ಅಖಾಡದ ಹೋರಿಯನ್ನು ನೊಗಕ್ಕೆ ಹೂಡುವುದಿಲ್ಲ. ಹುರುಳಿ, ಹತ್ತಿಕಾಳು, ಹಿಂಡಿ, ಹಸಿ ಮೇವು ಹೊತ್ತು ಹೊತ್ತಿಗೆ. ಮೈಕಟ್ಟು ಬರಲು ಕೆರೆಯಲ್ಲಿ ಈಜು, ದಮ್ಮು ಹೆಚ್ಚಲು ಓಟ. ಎರಡೆಕರೆ ಗೋವಿನಜೋಳ ಬೆಳೆಯುವ ಮನೆಗೆ ಇದು ಸಣ್ಣ ಖರ್ಚಲ್ಲ. ಹೆಸರು ಮಾಡಿದ ಹೋರಿ ಲಕ್ಷಗಳ ಲೆಕ್ಕದಲ್ಲಿ ಮಾರಾಟವಾಗುತ್ತದೆ ನಿಜ. ಆದರೆ ಮಾರಲು ಒಪ್ಪುವ ಮನೆಗಳು ಕಡಿಮೆ.

ಇನ್ನೊಂದು ಸಂಗತಿಯನ್ನು ಹಬ್ಬದ ಗದ್ದಲದಲ್ಲಿ ಯಾರೂ ಗಮನಿಸುವುದಿಲ್ಲ. ಉಳುವ ಎತ್ತಿಗೆ ಬೀಜ ಒಡೆಸುತ್ತಾರೆ, ಅಖಾಡದ ಹೋರಿಗೆ ಒಡೆಸುವುದಿಲ್ಲ. ಟ್ರ್ಯಾಕ್ಟರು ಬಂದು ಎತ್ತಿನ ಕೆಲಸ ಹೋಯಿತು, ಹಾಲಿಗಾಗಿ ಮಿಶ್ರತಳಿ ಬಂದು ನಾಟಿ ಆಕಳ ಜಾಗ ಹೋಯಿತು. ಇಂಥ ಕಾಲದಲ್ಲಿ ಹಳ್ಳಿಯೊಳಗೆ ಸ್ವಂತ ಖರ್ಚಿನಲ್ಲಿ ನಾಟಿ ತಳಿಯ ಬೀಜದ ಹೋರಿಯನ್ನು ಉಳಿಸಿಕೊಂಡವರು ಈ ಹವ್ಯಾಸದ ಜನ. ಹಳ್ಳಿಕಾರ, ಅಮೃತಮಹಲ್, ಖಿಲಾರಿ ಹೋರಿಗಳನ್ನು ಹುಡುಕಿ ತರುತ್ತಾರೆ. ತಮಿಳುನಾಡಿನಿಂದ ತರಿಸುವವರೂ ಇದ್ದಾರೆ.

ಸರಕಾರ ಇದೇ ಕೆಲಸವನ್ನು ಬಂಕಾಪುರದಲ್ಲಿ ಮಾಡಿಸುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಗೆ ಹೋದವರು ನವಿಲುಧಾಮ ನೋಡಿ, ನಗರೇಶ್ವರ ಗುಡಿಯ ಕಂಬಗಳನ್ನು ನೋಡಿ ಬರುತ್ತಾರೆ. ಅದೇ ಕೋಟೆಯ ಆವರಣದಲ್ಲಿ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ನವಿಲು ಉಳಿದದ್ದಕ್ಕೆ ಆ ದನಗಳ ಹುಲ್ಲುಗಾವಲೂ ಒಂದು ಕಾರಣ.

ತಳಿ ಒಮ್ಮೆ ಚದುರಿದರೆ ಕೂಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಅಮೃತಮಹಲ್ ಸಾಕ್ಷಿ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಬೆಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದ ಈ ದನಗಳೇ ಹೈದರ್ ಮತ್ತು ಟಿಪ್ಪುವಿನ ತೋಪುಗಳನ್ನು ಎಳೆದವು. ಸವಣೂರು, ಬಂಕಾಪುರಗಳು ಮೈಸೂರು ಮತ್ತು ಮರಾಠರ ನಡುವೆ ಕೈ ಬದಲಾಗುತ್ತಿದ್ದ ದಿನಗಳಲ್ಲಿ ಆ ದಂಡಿನ ವೇಗದ ಗುಟ್ಟು ಈ ಎತ್ತುಗಳಲ್ಲಿತ್ತು. 1799ರ ಬಳಿಕ ಹಿಂಡು ಬ್ರಿಟಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸಲೆಂದು ಅದನ್ನು ಒಡೆದು ಮಾರಿದರು. ತೋಪು ಎಳೆಯಲು ತಕ್ಕ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಊರೂರು ಅಲೆದು ಹಿಂಡು ಕಟ್ಟಬೇಕಾಯಿತು.

ನಿಂತ ವರ್ಷಗಳು

ಈಗ ಕಾನೂನಿನ ಕಥೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಯಾವ ಪ್ರಾಣಿಯನ್ನು ಪ್ರದರ್ಶನಕ್ಕೆ ಬಳಸಬಾರದು ಎಂದು ಪಟ್ಟಿ ಮಾಡುವ ಅಧಿಕಾರ ಆ ಕಾಯ್ದೆಯಡಿ ಕೇಂದ್ರ ಸರಕಾರಕ್ಕಿದೆ. 2011ರ ಜುಲೈಯಲ್ಲಿ ಹೋರಿಯೂ ಆ ಪಟ್ಟಿಗೆ ಸೇರಿತು. 2014ರ ಮೇ 7ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟ ಕಾನೂನುಬಾಹಿರ ಎಂದಿತು. ವಿವಾದ ತಮಿಳುನಾಡು ಮತ್ತು ಮಹಾರಾಷ್ಟ್ರದ್ದು, ಪೆಟ್ಟು ಬಿದ್ದದ್ದು ಎಲ್ಲ ಕಡೆ. ಕರಾವಳಿಯ ಕಂಬಳ ನಿಂತಿತು. ನಮ್ಮ ಕಡೆಯ ಹೋರಿ ಹಬ್ಬ, ಎತ್ತುಗಳು ಬರಿಗಾಡಿ ಎಳೆದೋಡುವ ಖಾಲಿ ಗಾಡಾ ಓಟಗಳ ಮೇಲೆ ಪೊಲೀಸರ ಕಣ್ಣು ಬಿತ್ತು.

ತೀರ್ಪಿನಲ್ಲಿ ದಾಖಲಾದ ಹಿಂಸೆಯ ವಿವರ ಓದಿದರೆ ಮನಸ್ಸು ಮರುಗುತ್ತದೆ. ಬಾಲ ತಿರುಚುವುದು, ಚುಚ್ಚುವುದು, ಕಣ್ಣಿಗೆ ಖಾರ ಹಾಕುವುದು. ನಮ್ಮ ಊರುಗಳಲ್ಲಿ ಹೀಗೆ ನಡೆಯುವುದೇ ಇಲ್ಲ ಎಂದು ಎದೆ ತಟ್ಟಿ ಹೇಳುವ ಹಕ್ಕು ಎಲ್ಲ ಅಖಾಡಗಳಿಗೂ ಇಲ್ಲ. ಮಗನಂತೆ ಸಾಕಿದ ಹೋರಿಯ ಮೈಮೇಲೆ ಬೇರೆಯವರು ಗೀರು ಹಾಕಿದರೆ ಹೊಡೆದಾಟಕ್ಕೆ ನಿಲ್ಲುವ ಮಾಲೀಕರನ್ನೂ ಇದೇ ಅಖಾಡಗಳಲ್ಲಿ ನೋಡಬಹುದು. ಕೋರ್ಟಿನ ಮುಂದೆ ಇವೆರಡನ್ನೂ ಬಿಡಿಸಿ ತೋರಿಸಲು ನಮ್ಮ ಬಳಿ ಕಾಗದ ಇರಲಿಲ್ಲ.

2017ರ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲ ದಂಡೆಯಲ್ಲಿ ಜನಸಾಗರ ಸೇರಿ ಜಲ್ಲಿಕಟ್ಟು ವಾಪಸು ಬೇಕೆಂದಿತು. ತಮಿಳುನಾಡು ಕಾಯ್ದೆ ತಿದ್ದಿತು. ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಸಭೆಯೂ ಮಸೂದೆ ಒಪ್ಪಿತು, ಜುಲೈಯಲ್ಲಿ ಸುಗ್ರೀವಾಜ್ಞೆ ಬಂತು, ಬಳಿಕ ರಾಷ್ಟ್ರಪತಿಗಳ ಅಂಕಿತ ಬಿದ್ದು ಕಾಯ್ದೆಯೇ ಆಯಿತು. ಪ್ರಾಣಿಹಿಂಸೆ ತಡೆಯುವ ವಿಷಯ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಪಟ್ಟಿಯಲ್ಲಿರುವುದರಿಂದ ರಾಷ್ಟ್ರಪತಿ ಒಪ್ಪಿದರೆ ರಾಜ್ಯದ ತಿದ್ದುಪಡಿ ಆ ರಾಜ್ಯದಲ್ಲಿ ನಡೆಯುತ್ತದೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರರ ತಿದ್ದುಪಡಿಗಳನ್ನೂ ಎತ್ತಿಹಿಡಿಯಿತು.

ಇಲ್ಲೊಂದು ಸೂಕ್ಷ್ಮವಿದೆ. ಕರ್ನಾಟಕದ ತಿದ್ದುಪಡಿಯಲ್ಲಿ ಕಂಬಳದ ಹೆಸರು ಎದ್ದು ಕಾಣುತ್ತದೆ. ನಮ್ಮ ಹಬ್ಬ ಹೋರಿಗಳ ಓಟ, ಎತ್ತಿನಗಾಡಿ ಓಟ ಎಂಬ ದೊಡ್ಡ ಚಪ್ಪರದಡಿ ನಿಂತಿದೆ. ಅನುಮತಿ ಸಿಕ್ಕಿರುವುದೂ ಷರತ್ತಿನ ಮೇಲೆ. ಪ್ರಾಣಿಗೆ ವೃಥಾ ನೋವು ಕೊಡಬಾರದು ಎಂಬ ಷರತ್ತು ಮುರಿದರೆ ರಕ್ಷಣೆಯೂ ಮುರಿಯುತ್ತದೆ.

ಒಂದೇ ಸೀಮೆಯ ಎರಡು ಓಟ

ಓಟಗಳು ಹೇಗೆ ಸಾಯುತ್ತವೆ, ಹೇಗೆ ಉಳಿಯುತ್ತವೆ ಎಂದು ತಿಳಿಯಲು ಇಂಗ್ಲೆಂಡಿನ ಲಿಂಕನ್‌ಶೈರ್ ಎಂಬ ಒಂದು ಸೀಮೆ ನೋಡಿದರೆ ಸಾಕು. ಅಲ್ಲಿನ ಸ್ಟ್ಯಾಮ್‌ಫರ್ಡ್ ಊರಿನಲ್ಲಿ ಪ್ರತಿ ನವೆಂಬರ್ 13ರಂದು ಓಣಿಗಳಲ್ಲಿ ಹೋರಿ ಓಡಿಸುತ್ತಿದ್ದರು. ಅಂಗಡಿ ಮುಚ್ಚಿ, ಅಡ್ಡಬೀದಿಗಳಿಗೆ ಗಾಡಿ ನಿಲ್ಲಿಸಿ ತಡೆ ಕಟ್ಟಿ, ಊರಿಗೆ ಊರೇ ಹೋರಿಯ ಹಿಂದೆ ಓಡುತ್ತಿತ್ತು. ಶತಮಾನಗಳಷ್ಟು ಹಳೆಯ ರೂಢಿ ಅದು. ಕೊನೆಗೆ ಆ ಹೋರಿಯನ್ನು ಕೊಲ್ಲುತ್ತಿದ್ದರು ಎನ್ನುವುದು ನಮಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ.

1824ರಲ್ಲಿ ಲಂಡನ್ನಿನಲ್ಲಿ ಪ್ರಾಣಿದಯಾ ಸಂಘ ಹುಟ್ಟಿತು, 1835ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾನೂನು ಬಂತು. ಸ್ಟ್ಯಾಮ್‌ಫರ್ಡ್ ಜನ ಜಗ್ಗಲಿಲ್ಲ. ಕುದುರೆ ಸವಾರರ ದಂಡು, ಲಂಡನ್ನಿನ ಪೊಲೀಸರು ಬಂದರು. ಬಂದೋಬಸ್ತಿನ ಖರ್ಚಿನ ಹೊರೆ ಊರವರ ಮೇಲೆಯೇ ಬಿದ್ದಾಗ ಊರವರೇ ಸಾಕೆಂದರು. 1839ರದ್ದೇ ಕೊನೆಯ ಓಟ.

ಅದೇ ಸೀಮೆಯ ಲಿಂಕನ್ ಪಟ್ಟಣದಲ್ಲಿ ಬೇಲಿ ಹಾರದೆ ಸಮನೆಲದಲ್ಲಿ ಓಡುವ ಹೆಸರಾಂತ ಕುದುರೆ ಓಟವೊಂದಿತ್ತು, ಲಿಂಕನ್ ಹ್ಯಾಂಡಿಕ್ಯಾಪ್ ಎಂದು. 1964ರಲ್ಲಿ ಆ ಪಟ್ಟಣದ ರೇಸ್ ಮೈದಾನವೇ ಮುಚ್ಚಿತು. ಓಟ ಮಾತ್ರ ಸಾಯಲಿಲ್ಲ. ಮರುವರ್ಷವೇ ಡಾನ್‌ಕಾಸ್ಟರ್ ಮೈದಾನಕ್ಕೆ ಹೋಯಿತು, ಹೆಸರು ಅದೇ ಉಳಿಯಿತು. ಹಾಗೆ ಮೈದಾನದ ಜೊತೆಗೇ ಅಳಿದುಹೋದ ಓಟಗಳೂ ಬ್ರಿಟನ್ನಿನಲ್ಲಿ ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಯಾವ ವರ್ಷ ಯಾವ ಕುದುರೆ ಗೆದ್ದಿತು, ಯಾರು ಸವಾರ ಎಂಬುದು ಇಂದಿಗೂ ಪುಸ್ತಕದಲ್ಲಿ ಸಿಗುತ್ತದೆ.

ಕುದುರೆಗೆ ಹದಿನೆಂಟನೇ ಶತಮಾನದಿಂದಲೇ ಜಾಕಿ ಕ್ಲಬ್ ಎಂಬ ಯಜಮಾನಿಕೆ ಇತ್ತು. 1791ರಿಂದ ಅಚ್ಚಾದ ವಂಶಾವಳಿ ಪುಸ್ತಕವಿತ್ತು. ಇಂದಿನ ರೇಸ್ ಕುದುರೆಗಳ ಗಂಡು ಪೀಳಿಗೆಯನ್ನು ಹಿಂದಕ್ಕೆ ಹಿಡಿದು ಹೋದರೆ ಅರಬ್, ತುರ್ಕಿ ಕಡೆಯಿಂದ ಬಂದ ಮೂರೇ ಗಂಡು ಕುದುರೆಗಳಿಗೆ ಮುಟ್ಟಬಹುದು ಎಂದು ಅವರು ಧೈರ್ಯವಾಗಿ ಹೇಳುವುದು ಆ ಪುಸ್ತಕದ ಬಲದಿಂದ. ಹಣವಂತರ, ಜಮೀನ್ದಾರರ ಬೆಂಬಲವೂ ಇತ್ತು. ಬಡವರ ಹೋರಿ ಓಟವನ್ನು 1835ರ ಕಾನೂನು ಮುಟ್ಟಿತು. ದೊಡ್ಡವರ ನರಿ ಬೇಟೆಗೆ ನಿಷೇಧ ಬರಲು 2004ರ ಕಾನೂನಿನವರೆಗೆ ಕಾಯಬೇಕಾಯಿತು.

ನಮ್ಮಲ್ಲೂ ಹೀಗೇ ಆಗಿದೆ ಅನ್ನಿಸದಿರದು. ಬೆಂಗಳೂರು, ಮೈಸೂರಿನಲ್ಲಿ ಕುದುರೆ ಓಡುತ್ತಲೇ ಇವೆ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಓಟ ಜೂಜಲ್ಲ, ಕೌಶಲದ ಆಟ ಎಂದು ತೀರ್ಪು ಕೊಟ್ಟಿತು. ಆ ವ್ಯಾಜ್ಯ ಹಣ ಕಟ್ಟುವುದರ ಕುರಿತದ್ದು, ಹಿಂಸೆಯ ಕುರಿತದ್ದಲ್ಲ. ಆದರೆ ವಂಶ, ತೂಕ, ಸವಾರ, ಹಿಂದಿನ ಓಟ ಎಲ್ಲವೂ ದಾಖಲೆಯಲ್ಲಿರುವ ಆಟವಾದ್ದರಿಂದಲೇ ಅದರ ಕೌಶಲವನ್ನು ನ್ಯಾಯಾಲಯಕ್ಕೆ ತೋರಿಸಲು ಸಾಧ್ಯವಾಯಿತು ಎಂಬುದು ನನ್ನ ಎಣಿಕೆ.

ನೋಡಲು ನಿಂತವರ ಜೀವ

ದಾಖಲೆ, ನಿಯಮ ಎಂದೊಡನೆ ಹಬ್ಬದ ಸಡಗರಕ್ಕೆ ಮೂಗುದಾರ ಹಾಕಿದಂತೆ ಎಂದು ಹಲವರು ಸಿಟ್ಟಾಗುತ್ತಾರೆ. ಅವರ ಮುಂದೆ ಸಾವಿನ ಮಾತು ಎತ್ತಲೇಬೇಕು. 2025ರ ದೀಪಾವಳಿಯ ಹಬ್ಬದಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಮೂವರು ಸತ್ತ ಸುದ್ದಿ ಬಂತು. ಸತ್ತವರಲ್ಲಿ ಕೊಬ್ಬರಿ ಹರಿಯಲು ಹೋಗದ ಮುದುಕರೂ ಇದ್ದರು.

ಹಿಡಿಯಲು ಇಳಿದವನಿಗೆ ಅಪಾಯ ಗೊತ್ತಿರುತ್ತದೆ. ಮೈ ಹುರಿಗಟ್ಟಿರುತ್ತದೆ, ಹೋರಿಯ ಕೋಡು ಯಾವ ಕಡೆ ತಿರುಗುತ್ತದೆಂದು ಬಲ್ಲ. ಗುರಿ ಮುಟ್ಟಿದ ಮೇಲೂ ಹೋರಿ ನಿಲ್ಲುವುದಿಲ್ಲ, ಬೆದರಿದ ವೇಗದಲ್ಲೇ ಊರ ಓಣಿಗೆ ನುಗ್ಗುತ್ತದೆ. ಕಟ್ಟೆಯ ಮೇಲೆ ಕೂತವರು, ಅಂಗಡಿಗೆ ಹೊರಟವರು ಅಲ್ಲಿ ಸಿಗುತ್ತಾರೆ. ಅಖಾಡದ ಕೊನೆಯಲ್ಲಿ ಹೋರಿ ನಿಧಾನಿಸಲು ಬೇಲಿ ಕಟ್ಟಿದ ಬಯಲು ಬೇಕು. ಮಾಲೀಕರ ಹುಡುಗರು ಹಗ್ಗ ಹಿಡಿದು ನಿಲ್ಲುವುದಕ್ಕೆ ಗೊತ್ತಾದ ಜಾಗ ಬೇಕು. ಎರಡೂ ಬದಿಗೆ ಗಟ್ಟಿ ತಡೆಗೋಡೆ ಬೇಕು. ಡಾಂಬರು ರಸ್ತೆಯಲ್ಲಿ ಗೊರಸು ಜಾರಿ ಕಾಲು ಮುರಿದುಕೊಳ್ಳುವ ಹೋರಿಗಳಿವೆ, ಅವುಗಳಿಗೆ ಮಣ್ಣಿನ ನೆಲ ಬೇಕು. ಸ್ಥಳದಲ್ಲಿ ಆಂಬುಲೆನ್ಸ್, ಪಶುವೈದ್ಯರು, ಕುಡಿದವರನ್ನು ಹೊರಗೆ ಹಾಕುವ ಗಟ್ಟಿ ಸ್ವಯಂಸೇವಕರು ಇರಬೇಕು. ಜಾತ್ರೆಗೆ ಪೆಂಡಾಲು ಹಾಕಿಸಬಲ್ಲ ಊರಿಗೆ ಇದು ದೊಡ್ಡ ಮಾತಲ್ಲ. ಬಹುಮಾನದ ಒಂದು ಬೈಕು ಕಡಿಮೆ ಮಾಡಿದರೆ ಎಷ್ಟೋ ಉದ್ದದ ಬೇಲಿ ಬರುತ್ತದೆ.

ಕರಾವಳಿಯವರು ಮಾಡಿದ್ದು

ನಿಯಮ, ದಾಖಲೆಗಳ ಕೆಲಸವನ್ನು ಕಂಬಳದವರು ಮಾಡಿ ತೋರಿಸಿದ್ದಾರೆ. ಕನೆಹಲಗೆ, ಅಡ್ಡಹಲಗೆ, ಹಗ್ಗ, ನೇಗಿಲು ಎಂದು ವಿಭಾಗಗಳಿವೆ. ಜಿಲ್ಲಾ ಸಮಿತಿ ವರ್ಷದ ವೇಳಾಪಟ್ಟಿ ಹೊರಡಿಸುತ್ತದೆ. ಲೇಸರ್ ಕಿರಣ ಓಟದ ಸಮಯ ಅಳೆಯುತ್ತದೆ. ಓಡಿಸುವವರ ತರಬೇತಿಗೆ 2011ರಿಂದ ಅಕಾಡೆಮಿಯೇ ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಶ್ರೀನಿವಾಸ ಗೌಡರ ಹೆಸರು ದೇಶವೆಲ್ಲ ಕೇಳಿಸಿದ್ದು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು ಎಂಬ ಅಳತೆ ಕೈಯಲ್ಲಿದ್ದುದರಿಂದ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು.

ನಮ್ಮ ಖಾಲಿ ಗಾಡಾ ಓಟದಲ್ಲಿ ಅಳತೆ ಈಗಾಗಲೇ ಇದೆ. ನಿಮಿಷಕ್ಕೆ ಎಷ್ಟು ದೂರ ಹೋಯಿತೆಂದು ಟೇಪು ಹಿಡಿದು ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ಹೋರಿ ಹಬ್ಬದಲ್ಲಿ ಮಾತ್ರ ಗೆಲುವು ಸೋಲು ಕಣ್ಣಂದಾಜಿನ ಮೇಲೆ, ಬಾಯಿಮಾತಿನ ಮೇಲೆ ನಿಂತಿದೆ. ಜಗಳ ಹುಟ್ಟುವುದೂ ಅಲ್ಲೇ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಸಮಿತಿಗಳು ಒಂದೆಡೆ ಕೂತು ವೇಳಾಪಟ್ಟಿ, ಅಖಾಡದ ಉದ್ದಗಲ, ಒಂದು ಹೋರಿ ದಿನಕ್ಕೆ ಎಷ್ಟು ಸಲ ಓಡಬಹುದು ಎಂಬುದನ್ನು ಬರೆದಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧಕ್ಕೆ ಹೊಸ ಯಂತ್ರವೇನೂ ಬೇಡ. ಪಶುಪಾಲನಾ ಇಲಾಖೆ ದನದ ಕಿವಿಗೆ 12 ಅಂಕಿಯ ಓಲೆ ಹಾಕುತ್ತದೆ. ಆ ಅಂಕಿಯ ಮುಂದೆ ಹೋರಿಯ ತಾಯಿ ಯಾವ ಹಟ್ಟಿಯದು, ತಂದೆ ಯಾವ ತಳಿ, ಯಾವ ದಿನ ಎಲ್ಲಿ ಓಡಿತು, ಎಲ್ಲಿ ಗಾಯವಾಯಿತು, ಯಾವ ವೈದ್ಯರು ನೋಡಿದರು ಎಂದು ಬರೆಯುತ್ತ ಹೋದರೆ ದಫ್ತರ ತಾನಾಗಿ ಬೆಳೆಯುತ್ತದೆ. ಓಟಕ್ಕೆ ಬರುವ ಹೋರಿಯನ್ನು ತಪಾಸಣೆ ಮಾಡುವ ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಅದನ್ನು ಶುರು ಮಾಡಬಹುದು. ಈ ಸಲದ ದೀಪಾವಳಿಗೆ ಅನುಮತಿ ಕೇಳುವ ಅರ್ಜಿಯ ಜೊತೆಗೆ ಆ ಪುಸ್ತಕದ ಮೊದಲ ಹಾಳೆಯನ್ನೂ ಲಗತ್ತಿಸಲು ಯಾವ ಊರಿಗೂ ಅಡ್ಡಿಯಿಲ್ಲ.